ಒಳಗೋ ಹೊರಗೋ

ಅತ್ತೆ ಬಚ್ಚಲಿನಿಂದ ಹೊರಬರುವಷ್ಟರಲ್ಲಿ ಹಡಗಿನ ಕೋಣೆಯ ಗೋಡೆಗೊಂದು ಕಿಟಕಿ ಆಗಬೇಕಿತ್ತು.

ಸೊಸೆ ಮಂಚದ ಮೇಲೆ ಹತ್ತಿ ನಿಂತಳು. ಬಾಯಲ್ಲಿ ಪಿನ್ನು, ಕೈಯಲ್ಲಿ ಎರಡು ಹೊದಿಕೆ. ಪರದೆ ಹೊಲಿದುಕೊಡುವುದೇ ಅವಳ ಕಸುಬು; ಸೂಜಿದಾರವಿಲ್ಲದೆ ಮನೆ ಬಿಡುವವಳಲ್ಲ. ಬಟ್ಟೆ ಒಣಹಾಕಲು ತಂದಿದ್ದ ಹಗ್ಗವನ್ನು ಗೋಡೆಯ ಟಿ.ವಿ.ಯ ಮೇಲೆ ಅಡ್ಡಕ್ಕೆ ಕಟ್ಟಿ, ನೆರಿಗೆ ಹಿಡಿದು ಹೊದಿಕೆಗಳನ್ನು ಎರಡೂ ಬದಿಗೆ ಇಳಿಬಿಟ್ಟಳು. ಹಡಗಿನ ಮೂತಿಯಲ್ಲಿರುವ ಕ್ಯಾಮೆರಾದಿಂದ ಇಡೀ ದಿನ ಸಮುದ್ರವನ್ನೇ ತೋರಿಸುವ ಚಾನೆಲ್ಲೊಂದಿತ್ತು. ಅದನ್ನು ಹಾಕಿ, ಸದ್ದು ತೆಗೆದು, ರಿಮೋಟನ್ನು ದಿಂಬಿನ ಕವರಿನೊಳಗೆ ತುರುಕಿದಳು.

ತಪ್ಪು ಅವಳದೇ. ಈ ವಿಹಾರದ ಹಡಗಿಗೆ ಟಿಕೆಟ್ ಮಾಡಿಸುವಾಗ ಏಜೆಂಟ್ ಫೋನಿನಲ್ಲಿ ಒಂದೇ ಪ್ರಶ್ನೆ ಕೇಳಿದ್ದ. "ರೂಮು ಒಳಗೆ ಬೇಕಾ, ಹೊರಗೆ ಬೇಕಾ ಮೇಡಂ?"

"ಒಳಗೇ ಕೊಡಿ," ಎಂದಿದ್ದಳು ಸೊಸೆ. "ವಯಸ್ಸಾದವರನ್ನ ಹೊರಗೆ ಮಲಗಿಸೋಕಾಗುತ್ತಾ?"

ಒಳಗೆ ಎಂದರೆ ಹಡಗಿನ ಹೊಟ್ಟೆಯಲ್ಲಿರುವ, ಕಿಟಕಿಯೇ ಇಲ್ಲದ ಅಗ್ಗದ ಕೋಣೆ ಎಂಬುದು ಬಾಗಿಲು ತೆರೆದ ಮೇಲೆ ತಿಳಿಯಿತು. ಎರಡು ಮಂಚ, ನಡುವೆ ಒಬ್ಬರು ಅಡ್ಡಡ್ಡ ನುಸುಳುವಷ್ಟು ಜಾಗ, ಮಿಕ್ಕಿದ್ದೆಲ್ಲ ಗೋಡೆ.

ಬೇರೆ ಯಾರಾದರೂ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಇದು ಅತ್ತೆಯ ಸಮುದ್ರ. "ಮಲಗಿದ ಕಡೆಯಿಂದಾನೇ ಸಮುದ್ರ ನೋಡಬೇಕು ಅಂತ ಒಂದೇ ಒಂದು ಆಸೆ ಇತ್ತು. ಮಹಾರಾಯರು ಕೊನೇವರೆಗೂ ತೋರಿಸ್ಲಿಲ್ಲ." ತೀರಿಹೋದ ಮಾವನ ಮೇಲಿನ ಈ ದೂರು ನೆಂಟರಿಷ್ಟರಿಗೆಲ್ಲ ಬಾಯಿಪಾಠವಾಗಿತ್ತು. ಮಾವ ಕೇಳಿದ ಸೀರೆ ತಂದುಕೊಡುತ್ತಿದ್ದರಂತೆ, ಕೇಳಿದ ಓಲೆ ಮಾಡಿಸಿಕೊಟ್ಟರಂತೆ. ಸಮುದ್ರ ಎಂದ ಕೂಡಲೇ ಮಾತ್ರ ಪೇಪರಿನೊಳಗೆ ಮುಖ ಹುದುಗಿಸಿ "ದುಡ್ಡು ದಂಡ" ಎನ್ನುತ್ತಿದ್ದರಂತೆ. ಅವರು ಜಿಪುಣರೆಂದು ಬಂಧುಬಳಗವೆಲ್ಲ ಒಂದೇ ಬಾಯಲ್ಲಿ ತೀರ್ಮಾನಿಸಿತ್ತು.

ಮದುವೆಯಾಗಿ ಬಂದಂದಿನಿಂದ ಸೊಸೆಯ ಯಾವ ಕೆಲಸಕ್ಕೂ ಅತ್ತೆ "ಪರವಾಗಿಲ್ಲ" ಎಂದವರಲ್ಲ. ಸಮುದ್ರವನ್ನೇ ತಂದು ಕಣ್ಣ ಮುಂದಿಟ್ಟರೆ ಆ ಒಂದು ಮಾತು ಬಂದೀತೆಂದು ಅವಳಿಗೆ ಆಸೆ. ಗಂಡನಿಗೆ ರಜೆ ಸಿಗದಿದ್ದರೂ ತಾನೇ ಹೊರಡಿಸಿಕೊಂಡು ಬಂದಿದ್ದಳು.

ಬಚ್ಚಲಿನ ಚಿಲಕ ಸರಿಯಿತು. ಹಡಗು ಹತ್ತುವಾಗಲೇ ಹೊಟ್ಟೆ ತೊಳಸುತ್ತದೆಂದು ಕಣ್ಣು ಮುಚ್ಚಿ, ಸೊಸೆಯ ತೋಳಿಗೆ ಉಗುರು ನಾಟುವಂತೆ ಆತುಕೊಂಡಿದ್ದ ಅತ್ತೆ ಈಗ ಮುಖ ತೊಳೆದು ಸುಧಾರಿಸಿಕೊಂಡಿದ್ದರು.

"ಕಿಟಕಿ ನೋಡಿ ಅತ್ತೆ." ಸೊಸೆ ಮಂಚದಿಂದ ಕೆಳಗಿಳಿದಳು.

ಅತ್ತೆ ಕಣ್ಣು ಕಿರಿದು ಮಾಡಿದರು. ದೇವರು ದೊಡ್ಡವನು ಎಂದುಕೊಂಡಳು ಸೊಸೆ; ಕನ್ನಡಕ ಮನೆಯಲ್ಲೇ ಉಳಿಯಿತೆಂದು ದಾರಿಯಲ್ಲೇ ಹೇಳಿದ್ದರು. "ಹೂಂ. ಭದ್ರವಾಗಿದೆ ತಾನೇ?"

"ತೆಗೆಯೋಕೇ ಬರಲ್ಲ."

"ಹಾಗಾದ್ರೆ ಸರಿ," ಎಂದು ಅತ್ತೆ ಆ ಕಡೆಗೆ ಬೆನ್ನು ಹಾಕಿ ಮಲಗಿದರು.

ಸೊಸೆ ಮೇಲಿನ ಅಂತಸ್ತಿನ ಕೌಂಟರಿಗೆ ಓಡಿದಳು. ಅಲ್ಲಿದ್ದ ಹುಡುಗಿ ಒಳ್ಳೆಯವಳು. "ಟಿಕೆಟ್ ತಗೊಂಡೂ ಬರದೇ ಇರೋರು ಇರ್ತಾರೆ. ಕಿಟಕಿ ಇರೋ ರೂಮು ಖಾಲಿ ಇದ್ರೆ ಫೋನ್ ಮಾಡ್ತೀನಿ," ಎಂದಳು.

ಮರುದಿನ ಸೊಸೆ ಸ್ನಾನಕ್ಕಿಳಿದಿದ್ದಾಗ ಕೋಣೆಯ ಫೋನು ಬಡಿದುಕೊಂಡಿತು. ತಲೆಗೆ ಟವೆಲು ಸುತ್ತಿಕೊಂಡು ಓಡಿಬಂದಳು. ಅತ್ತೆ ಆಗಲೇ ರಿಸೀವರ್ ಕೆಳಗಿಡುತ್ತಿದ್ದರು.

"ಯಾರತ್ತೆ?"

"ರಾಂಗ್ ನಂಬರ್."

"ಸಮುದ್ರದ ಮಧ್ಯದಲ್ಲೂನಾ?"

"ಅವರಿಗೇನು, ಎಲ್ಲಿದ್ರೂ ಹುಡುಕ್ಕೊಂಡು ಬರ್ತಾರೆ."

ಮುಂದಿನ ದಿನಗಳೆಲ್ಲ ಕಿಟಕಿ ಕಾಯುವುದರಲ್ಲೇ ಕಳೆದವು. ಡೆಕ್ಕಿಗೆ ಕರೆದರೆ ಅತ್ತೆಗೆ ಮಂಡಿನೋವು. ಊಟದ ಹಾಲಿನಲ್ಲಿ ಗಾಜಿನ ಪಕ್ಕ ಕೂತರೆ ಬಿಸಿಲು. ನಡುವಿನ ಮೇಜೇ ಬೇಕು. ಸದ್ಯ, ನಿಜವಾದ ಕಿಟಕಿ ಕಂಡಿದ್ದರೆ ತನ್ನ ಕಿಟಕಿಯ ಬಣ್ಣ ಬಯಲಾಗುತ್ತಿತ್ತು ಎಂದು ಸೊಸೆ ಉಸಿರುಬಿಟ್ಟಳು. ಕಳ್ಳನ ಮನಸ್ಸು ಹುಳ್ಳುಳ್ಳಗೆ. ಮಂಡಿನೋವಿನ ಅತ್ತೆ ಊಟಕ್ಕೆ ಮಾತ್ರ ಮೆಟ್ಟಿಲನ್ನು ಸರಸರ ಹತ್ತುತ್ತಿದ್ದುದು ಅವಳ ಕಣ್ಣಿಗೆ ಬೀಳಲಿಲ್ಲ.

ಒಂದು ಬೆಳಿಗ್ಗೆ ಕೋಣೆ ಸ್ವಚ್ಛಮಾಡಲು ಬಂದವನು ಟಿ.ವಿ. ಒರೆಸುವಾಗ ಯಾವ ಗುಂಡಿ ಒತ್ತಿದನೋ, ಅವನು ಅತ್ತ ಹೋಗುತ್ತಲೇ ಕಿಟಕಿಯಲ್ಲಿ ಸಮುದ್ರ ಮಾಯವಾಗಿ ದಪ್ಪ ಮೀಸೆಯವನೊಬ್ಬ ಈರುಳ್ಳಿ ಹುರಿಯತೊಡಗಿದ. ಸೊಸೆ ಮಂಚದತ್ತ ನುಗ್ಗಿದಳು. ದಿಂಬಿನೊಳಗೆ ಕೈಹಾಕಿ ತಡಕಾಡಿದಳು.

ಅತ್ತೆ ಹೊರಳಿ ನೋಡಿದರು. "ಪಕ್ಕದ ಹಡಗಿನವರು ಅಡುಗೆಗೆ ಇಟ್ಟ ಹಾಗಿದೆ."

"ಹೌದತ್ತೆ. ತುಂಬಾ ಹತ್ತಿರ ಬಂದ್ಬಿಟ್ಟಿದಾರೆ."

"ಪರದೆ ಎಳಿ. ಪಾಪ, ಅವರಿಗೂ ಮುಜುಗರ."

ಹಡಗು ವಾಪಸು ಬಂದರಿಗೆ ಬಂತು. ಬೀಗದ ಕಾರ್ಡು ಕೊಡಲು ಇಬ್ಬರೂ ಕೌಂಟರಿನ ಮುಂದೆ ನಿಂತರು. ಸೊಸೆಗೆ ತಡೆಯಲಾಗಲಿಲ್ಲ. ಅತ್ತೆಗೆ ಕೇಳಿಸದಂತೆ ಬಗ್ಗಿ ಪಿಸುಗುಟ್ಟಿದಳು. "ಒಂದು ಫೋನೂ ಮಾಡ್ಲಿಲ್ಲವಲ್ಲ ನೀವು."

ಹುಡುಗಿ ಪಿಸುಗುಟ್ಟಲಿಲ್ಲ. "ಮರುದಿನಾನೇ ಮಾಡಿದ್ನಲ್ಲ ಮೇಡಂ. ಬಾಲ್ಕನಿ ಇರೋ ರೂಮೇ ಖಾಲಿ ಇತ್ತು. ಯಾರೋ ಅಮ್ಮ ಎತ್ತಿದ್ರು. 'ನಮ್ಮ ಸೊಸೆ ಟಿ.ವಿ.ಗೆ ಪರದೆ ಹಾಕಿದಾಳೆ, ಅಷ್ಟು ಸಾಕು' ಅಂತ ಇಟ್ಬಿಟ್ರು."

ಸೊಸೆ ಮೆಲ್ಲಗೆ ತಿರುಗಿದಳು. ಅತ್ತೆ ಕೈಚೀಲದಿಂದ ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡರು.

"ನೆರಿಗೆ ಪರವಾಗಿಲ್ಲ ಕಣೆ," ಎಂದರು. "ಒಂದೂ ಏರುಪೇರಿಲ್ಲ."

ಕಾದು ಕಾದು ಬಂದ ಮಾತಿಗೆ ಹಿಗ್ಗಬೇಕೋ ನಾಚಬೇಕೋ ಸೊಸೆಗೆ ತಿಳಿಯಲಿಲ್ಲ. "ಮತ್ತೆ ಆ ಸಮುದ್ರದ ಆಸೆ, ಅತ್ತೆ?"

ಅತ್ತೆ ಇಳಿಯುವ ಸೇತುವೆಯ ಕೆಳಗೆ ಕುಲುಕುತ್ತಿದ್ದ ನೀರನ್ನು ನೋಡಿದರು. ಅವರ ಉಗುರು ಮತ್ತೆ ಸೊಸೆಯ ತೋಳನ್ನು ಹುಡುಕಿಕೊಂಡು ಬಂತು.

"ಕೆರೆ ಕಂಡ್ರೂ ನಡುಗೋಳು ನಾನು. ಅದನ್ನ ಮುಚ್ಚೋಕೆ ಎಲ್ಲರ ಮುಂದೆ ಸಮುದ್ರ ಸಮುದ್ರ ಅಂತಿದ್ದೆ. ಸಾಯೋವರೆಗೂ ಜಿಪುಣ ಅನ್ನಿಸ್ಕೊಂಡ್ರೇ ಹೊರತು, ನಿನ್ನ ಮಾವ ಒಬ್ಬರಿಗೂ ಹೇಳ್ಲಿಲ್ಲ."