ಮೊಣಕೈ ಕಾಟ

"ರಾತ್ರಿಯೆಲ್ಲಾ ಮೊಣಕೈಯಲ್ಲಿ ತಿವೀತಾಳೆ ಡಾಕ್ಟ್ರೇ. ನನಗೆ ನಿದ್ದೆ ಎಲ್ಲಿಂದ ಬರಬೇಕು?" ಬಸ್ ಡ್ರೈವರ್ ತನ್ನ ಪಕ್ಕದಲ್ಲಿ ಕೂತಿದ್ದ ಹೆಂಡತಿಯನ್ನು ತೋರಿಸಿ ದೂರು ಕೊಟ್ಟ. ತುಂಬಿದ ಬಸ್ಸನ್ನು ಸಿಗ್ನಲ್ಲಿನಲ್ಲಿ ನಿಲ್ಲಿಸಿ, ಸ್ಟೀರಿಂಗ್ ಮೇಲೆ ತಲೆಯಿಟ್ಟು ಮಲಗಿಬಿಟ್ಟಿದ್ದ ಮಹಾನುಭಾವ ಈತ. ಡಾಕ್ಟರು ಸರಿ ಎನ್ನುವ ತನಕ ಬಸ್ ಮುಟ್ಟುವ ಹಾಗಿಲ್ಲ ಎಂದು ಡಿಪೋದವರು ಹೇಳಿಬಿಟ್ಟಿದ್ದರು.

ಗಂಡನ ಕೆಲಸ ಹೋದರೆ ತಪ್ಪು ತನ್ನ ತಲೆಗೇ ಬರುತ್ತದೆಂದು ಹೆಂಡತಿಗೆ ಗೊತ್ತಿತ್ತು.

ಡಾಕ್ಟರಮ್ಮ ಪರದೆಯನ್ನು ಅವರ ಕಡೆ ತಿರುಗಿಸಿದರು. ಹಿಂದಿನ ರಾತ್ರಿ ಆತ ತಲೆಗೂ ಎದೆಗೂ ತಂತಿ ಅಂಟಿಸಿಕೊಂಡು ಆಸ್ಪತ್ರೆಯಲ್ಲಿ ಒಬ್ಬನೇ ಮಲಗಿದ್ದ. ಪರದೆಯ ಮೇಲೆ ಅಲೆಅಲೆಯಾಗಿ ಓಡುತ್ತಿದ್ದ ಗೆರೆ ಅಲ್ಲಲ್ಲಿ ಚಪ್ಪಟೆಯಾಗಿತ್ತು.

"ಇದು ನಿಮ್ಮ ಉಸಿರು. ನಿದ್ದೇಲಿ ಗಂಟಲು ಸಡಿಲವಾಗಿ ದಾರಿ ಮುಚ್ಕೊಳ್ಳುತ್ತೆ. ಈ ಚಪ್ಪಟೆ ಜಾಗದಲ್ಲೆಲ್ಲ ಉಸಿರೇ ಇಲ್ಲ. ಮೆದುಳು ಗಾಬರಿಯಾಗಿ ಎಬ್ಬಿಸುತ್ತೆ, ನಿಮಗೆ ಗೊತ್ತೇ ಆಗಲ್ಲ. ರಾತ್ರಿಯಿಡೀ ಇದೇ ಕಥೆ. ಮೆದುಳು ದಣಿವಾರಿಸ್ಕೊಳ್ಳೋ ಗಾಢ ನಿದ್ದೆ ನಿಮಗೆ ಸಿಗ್ತಾನೇ ಇಲ್ಲ. ಹೀಗೇ ಬಿಟ್ರೆ ಹೃದಯಕ್ಕೂ ಕುತ್ತು."

"ಅಂದ್ರೆ, ಇವಳು ತಿವಿಯೋದ್ರಿಂದ ಅಲ್ವಾ?"

ಡಾಕ್ಟರು ಹೆಂಡತಿಯನ್ನು ಕೇಳಿದರು. "ಗೊರಕೆ ತಡೀಲಾರದೆ ತಿವೀತೀರಾ?"

"ಅಯ್ಯೋ, ಇಲ್ಲಮ್ಮ. ಗೊರಕೆ ಕೇಳ್ತಿದ್ರೆ ನನಗೆ ಧೈರ್ಯ. ಅದು ನಿಂತಾಗ್ಲೇ ಜೀವ ಬಾಯಿಗೆ ಬರೋದು. ಒಂದು ತಿವಿದ್ರೆ ಬೈಕೊಂಡು ಮಗ್ಗುಲಾಗ್ತಾರೆ. ಬೈಗುಳ ಕೇಳಿದ್ರೆ ಸಾಕು, ಉಸಿರಾಡ್ತಿದಾರೆ ಅಂತ ಸಮಾಧಾನ."

ನೆಂಟರಿಷ್ಟರ ಮುಂದೆಲ್ಲ "ನಮ್ಮನೆ ಮೊಣಕೈ" ಎಂದು ಅವಳನ್ನು ಆಡಿಕೊಂಡು ನಗಿಸಿದ್ದ ಡ್ರೈವರನ ಕಣ್ಣು ತುಂಬಿತು.

"ನಿನ್ನಿಂದ ಬದುಕಿದೀನಿ ಕಣೇ."

"ಸುಮ್ನಿರಿ, ಡಾಕ್ಟರ ಮುಂದೆ," ಎಂದು ಗದರಿದವಳ ದನಿಯೂ ಒದ್ದೆಯಾಗಿತ್ತು.

ಡಾಕ್ಟರು ಪುಟ್ಟ ಯಂತ್ರವೊಂದನ್ನು ತರಿಸಿದರು. ಮೂಗಿನ ಮುಖವಾಡದಿಂದ ಗಾಳಿ ಒತ್ತಿ ಗಂಟಲನ್ನು ತೆರೆದಿಡುವುದು ಅದರ ಕೆಲಸ. ದಿನಾ ಹಾಕಿಕೊಂಡು ನಿದ್ದೆ ಸರಿಹೋದರೆ ಮತ್ತೆ ಬಸ್ ಓಡಿಸಬಹುದು ಎಂದು ಧೈರ್ಯ ಹೇಳಿ, ಹೊಂದುತ್ತದೋ ನೋಡಲು ಒಳಕೋಣೆಯಲ್ಲಿ ಆತನನ್ನು ಮಲಗಿಸಿದರು. ಹೆಂಡತಿ ಪಕ್ಕದ ಕುರ್ಚಿಯಲ್ಲಿ ಕಿವಿಗೊಟ್ಟು ಕೂತಳು. ಉಸಿರು ಒಳಹೋಯಿತು, ಹೊರಬಂತು, ಒಳಹೋಯಿತು, ಹೊರಬಂತು. ಎಲ್ಲೂ ನಿಲ್ಲಲಿಲ್ಲ.

ಮಧ್ಯಾಹ್ನ ನರ್ಸ್ ಬಾಗಿಲು ತೆರೆದಾಗ ಡ್ರೈವರ್ ಮುಖವಾಡ ಕಳಚಿ ಎದ್ದು ಕೂತಿದ್ದ. ಹೆಂಡತಿ ಗೋಡೆಗೆ ತಲೆಯಾನಿಸಿ ಬಾಯಿ ತೆರೆದು ಮಲಗಿಬಿಟ್ಟಿದ್ದಳು. ನರ್ಸ್ ಅವಳ ಭುಜ ಮುಟ್ಟಹೋದಳು.

"ಎಬ್ಬಿಸ್ಬೇಡಿ ಸಿಸ್ಟರ್," ಆತ ಪಿಸುಗುಟ್ಟಿದ. "ಮದುವೆಯಾದಾಗಿಂದ ನೈಟ್ ಡ್ಯೂಟಿ ಮಾಡಿದಾಳೆ. ಈಗ ತಾನೇ ಡ್ಯೂಟಿಯಿಂದ ಇಳಿದಿದಾಳೆ."