ಕ್ಯಾಸೆಟ್ಟಿನಲ್ಲಿ ಇಲ್ಲದ ಮುಖ

“ಆ ಕ್ಯಾಮೆರಾನ ಮೊದ್ಲು ಆಫ್ ಮಾಡ್ಸು,” ಎಂದ ಮಂಟಯ್ಯ, ಹೊಗೆಸೊಪ್ಪು ಪೋಣಿಸುತ್ತಿದ್ದ ಕೈ ನಿಲ್ಲಿಸದೆ.

“ಆಗಕಿಲ್ಲ ಕಣಪ್ಪ. ನನ್ ಮದ್ವೆಗ್ ಯಾಕ್ ಬರ್ಲಿಲ್ಲ, ಅದೊಂದ್ ಏಳ್ಬುಡು,” ಎಂದಳು ಮಗಳು ಸುಧಾ.

“ಏಳಾದ್ನೆಲ್ಲ ಆವತ್ತೇ ಏಳಿವ್ನಿ.”

ಐದು ವರ್ಷದ ಮೇಲೆ ರಾವಂದೂರಿನ ಮನೆಗೆ ಬಂದಿದ್ದಳು ಸುಧಾ. ಅದೂ ಅಪ್ಪನನ್ನು ನೋಡಲು ಅಲ್ಲ, ಅಪ್ಪನ ಮೇಲೊಂದು ಸಾಕ್ಷ್ಯಚಿತ್ರ ತೆಗೆಯಲು. ಮಗಳ ಮದುವೆಗೆ ಬಾರದ ಅಪ್ಪ ಹೇಗಿರುತ್ತಾನೆಂದು ಮೈಸೂರಿನಲ್ಲಿ ನಾಲ್ಕು ಜನ ನೋಡಬೇಕು. ಆಮೇಲೆ ಈ ಹೊಸಿಲು ತುಳಿಯುವುದಿಲ್ಲವೆಂದು ಗಂಡ ವಸಂತನಿಗೆ ಹೇಳಿಯೇ ಬಂದಿದ್ದಳು.

ವಸಂತ ಬೇರೆ ಜಾತಿ. “ನಿನ್ ಮದ್ವೆ ವಿಡಿಯೋ ಪೂರ್ತಿ ಉಡುಕು, ನನ್ ಮುಖ ಸಿಕ್ಕಾಕಿಲ್ಲ,” ಎಂದು ಅಪ್ಪ ತೊಂಬತ್ತೇಳರಲ್ಲೇ ಹೇಳಿದ್ದ. ಹೇಳಿದಂತೆಯೇ ನಡೆದುಕೊಂಡ. ಕೆ.ಆರ್. ನಗರದ ಛತ್ರದ ಆ ಮೂರು ಗಂಟೆಯ ಕ್ಯಾಸೆಟ್ಟನ್ನು ಸುಧಾ ಎಷ್ಟು ಸಲ ನೋಡಿದ್ದಳೋ. ಅವ್ವ ರಾಮಮ್ಮನೊಬ್ಬಳೇ ಬಂದಿದ್ದಳು. ಅವಳೂ ಮಂಟಪ ಬಿಟ್ಟು ಕ್ಯಾಮೆರಾ ಕಡೆಯೇ ನೋಡುತ್ತಾ ಕಣ್ಣೊರೆಸಿಕೊಳ್ಳುತ್ತಿದ್ದಳು. ಅವ್ವನಿಗೆ ವಿಡಿಯೋ ಹುಚ್ಚು ಎಂದು ಸುಧಾಗೆ ಸಿಟ್ಟು. ತಾಳಿ ಕಟ್ಟುವ ಹೊತ್ತಿಗಂತೂ ಬೆಳಕು ಅಲುಗಾಡಿ, ಮದುಮಗಳ ಮುಖ ಒಮ್ಮೆ ಕತ್ತಲು, ಒಮ್ಮೆ ಬೆಳಕು.

ಅಂದು ಆ ಮದುವೆ ತೆಗೆದಿದ್ದ ಪಿರಿಯಾಪಟ್ಟಣದ ಉಮಾಶಂಕರನೇ ಇಂದೂ ಕ್ಯಾಮೆರಾ ಹಿಡಿದಿದ್ದ.

“ಆವತ್ತು ಲೈಟ್ ಹಿಡಿಯಕ್ಕೆ ಯಾರನ್ನ ಕರ್ಕೊಂಡು ಬಂದಿದ್ರಿ? ಎಲ್ಲಾ ಕೆಟ್ಟೋಯ್ತು,” ಎಂದು ಸುಧಾ ದಾರಿಯಲ್ಲೇ ಜಾಡಿಸಿದ್ದಳು.

“ಹೊಸಬ್ರು ಮೇಡಂ,” ಎಂದು ಅವನು ಲೆನ್ಸ್ ಒರೆಸತೊಡಗಿದ್ದ.

ಅಪ್ಪ ಬಾಯಿ ಬಿಡುವುದಿಲ್ಲವೆಂದು ಖಾತ್ರಿಯಾಯಿತು. “ನಾನೇ ಕೂತು ಹೇಳ್ತೀನಿ, ತೆಗೀರಿ,” ಎಂದು ಸುಧಾ ಪಡಸಾಲೆಯಲ್ಲಿ ಕುಳಿತಳು.

“ಇಲ್ಲಿ ಕತ್ತಲು ಮೇಡಂ. ಲೈಟ್ ಹಿಡಿಯೋ ಸಣ್ಣಯ್ಯ ಇವತ್ತು ಬಂದಿಲ್ಲ.”

ಮಂಟಯ್ಯ ಎದ್ದ. “ಇತ್ಲಾಗ್ ಕೊಡಿ. ಕ್ಯಾಮೆರಾ ಮುಂದೆ ನಾನು ಬರಾಕಿಲ್ಲ, ಇಂದೆ ನಿಂತ್ಕತೀನಿ. ಅದೇನ್ ಬೈತಾಳೋ ಬೈಲಿ.” ಹೆಗಲ ಟವೆಲನ್ನು ಕೈಗೆ ಸುತ್ತಿಕೊಂಡ. ಸುಡುವ ಲೈಟನ್ನು, ಯಾರೂ ಹೇಳಿಕೊಡದೆಯೇ, ತಲೆಯ ಮೇಲೆತ್ತಿ ಓರೆಯಾಗಿ ಹಿಡಿದ.

ಬೆಳಕು ಸುಧಾಳ ಕಣ್ಣಿಗೆ ಹೊಡೆಯಿತು. ಅದರ ಹಿಂದೆ ನಿಂತ ಅಪ್ಪ ಕಾಣಿಸಲೇ ಇಲ್ಲ. ಒಳ್ಳೆಯದೇ ಆಯಿತು ಎಂದುಕೊಂಡು ಅವಳು ಗಟ್ಟಿಯಾಗಿ ಶುರುಮಾಡಿದಳು.

“ನನಗೆ ತಾಳಿ ಕಟ್ಟೋವಾಗ ನನ್ನಪ್ಪ ಅಲ್ಲಿರಲಿಲ್ಲ. ಅವರಿಗೆ ಮಗಳಿಗಿಂತ ಹಟ ದೊಡ್ಡದು. ಅದನ್ನ ನಾನು ಯಾವತ್ತೂ ಕ್ಷಮಿಸಲ್ಲ.”

ಬೆಳಕು ಅಲುಗಾಡಿತು. ಅವಳ ಮುಖ ಒಮ್ಮೆ ಕತ್ತಲು, ಒಮ್ಮೆ ಬೆಳಕು.

ಉಮಾಶಂಕರನ ತಾಳ್ಮೆ ತಪ್ಪಿತು. ಕ್ಯಾಮೆರಾದಿಂದ ಕಣ್ಣು ತೆಗೆಯದೆ ಗೊಣಗಿದ: “ಈ ಸಲನಾದ್ರೂ ನೆಟ್ಟಗೆ ಹಿಡೀರಿ ಮಂಟಯ್ಯನೋರೇ, ಛತ್ರದಲ್ಲೂ ತಾಳಿ ಕಟ್ಟೋ ಹೊತ್ಗೇ ಕೈ ನಡುಗಿಸಿ ಕ್ಯಾಸೆಟ್ ಕೆಡಿಸಿದ್ರಿ.”