ಒಳಗಿನ ಕೋಣೆ

“ಎಷ್ಟು ದೊಡ್ಡದು ಮಾಡಿ ನೋಡಿದ್ರೂ ಅಷ್ಟೇ ಅಕ್ಕಾ. ಆ ಪರದೆ ಹಿಂದೆ ಇರೋದು ಗೋಡೆ.”

ಅವಳು ಎರಡು ಬೆರಳಿನಿಂದ ಫೋನಿನ ಚಿತ್ರವನ್ನು ಇನ್ನೊಮ್ಮೆ ಹಿಗ್ಗಿಸಿದಳು. ಹಡಗಿನ ಕೋಣೆ, ಹಾಸಿಗೆ, ಪಕ್ಕದಲ್ಲಿ ನೆಲದವರೆಗೆ ಇಳಿಬಿಟ್ಟ ನೀಲಿ ಪರದೆ. ಗಂಡ ಟಿಕೆಟ್ ಮಾಡಿದಾಗಿನಿಂದ ಆ ಪರದೆಯನ್ನು ಮನಸ್ಸಿನಲ್ಲೇ ಸರಿಸಿ ಸರಿಸಿ ಸಮುದ್ರ ನೋಡಿದ್ದಳು.

“ಒಳಗಿನ ಕೋಣೆ ಅಂತಾರೆ ಇದಕ್ಕೆ. ಹಡಗಿನ ಹೊಟ್ಟೇಲಿರುತ್ತೆ. ಅಂದಕ್ಕೆ ಪರದೆ ಹಾಕಿರ್ತಾರೆ,” ಎಂದ ಟ್ರಾವೆಲ್ ಏಜೆಂಟ್ ತಮ್ಮ, ತನ್ನ ಆಫೀಸಿನ ಮೇಜಿನಾಚೆಯಿಂದ. “ಭಾವ ನನ್ನನ್ನ ಒಂದು ಮಾತು ಕೇಳಿದ್ರೆ ಆಗ್ತಿತ್ತು. ಹಿತ್ತಲ ಗಿಡ ಮದ್ದಲ್ಲ, ಬಿಡು.”

“ನಿನಗೆ ಕಮಿಷನ್ ಕೊಟ್ಟು ಕೇಳಬೇಕಿತ್ತೇನಯ್ಯಾ?” ಗಂಡ ಕೂತಲ್ಲೇ ಸಿಡಿದ. “ಕಣ್ಣು ಮುಚ್ಕೊಂಡು ಮಲಗೋದಕ್ಕೆ ಕಿಟಕಿ ಯಾಕೆ ಅಂತ ನಾನೇ ಅಗ್ಗದ್ದು ಆರಿಸಿದೆ. ತಪ್ಪೇನು?”

ಅವನು ಗಡಿಯಾರ ರಿಪೇರಿಯವನು. ತನ್ನ ತಲೆಗೂದಲನ್ನೂ ತಾನೇ ಕತ್ತರಿಸಿಕೊಳ್ಳುವ ಆಸಾಮಿ. ಮದುವೆಯಾದ ವರ್ಷವೇ, ಮನೆಗಿದ್ದ ಒಂದೇ ಬಾಲ್ಕನಿಗೆ ಹಲಗೆ ಬಡಿದು ಕೆಲಸದ ಕೋಣೆ ಮಾಡಿಕೊಂಡಿದ್ದ. ಅವಳು ಹಗಲೆಲ್ಲ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಹಾಸಿಗೆ ಬಟ್ಟೆಗಳಿಗೆ ಇಸ್ತ್ರಿ ಹಾಕಿ ಸಂಜೆ ಆ ಮನೆಗೆ ಬರುತ್ತಿದ್ದಳು. ಉಳಿದಿದ್ದ ಕಿಟಕಿ ತೆರೆದರೆ ಕೈಗೆಟಕುವಷ್ಟು ಹತ್ತಿರದಲ್ಲಿ ಪಕ್ಕದ ಮನೆಯ ಗೋಡೆ. ದೂರ ಎನ್ನುವುದು ಹೇಗಿರುತ್ತದೆಂದು ಅವಳ ಕಣ್ಣಿಗೇ ಮರೆತುಹೋಗಿತ್ತು. ಏನೂ ಅಡ್ಡ ಬಾರದ ಒಂದು ನೋಟ; ಏಳದೆ, ಯಾರಿಗೂ ಏನೂ ಮಾಡಿಕೊಡದೆ, ಮಲಗಿದಲ್ಲಿಂದಲೇ. ಹಡಗಿನಿಂದ ಅವಳು ಬಯಸಿದ್ದು ಅಷ್ಟೇ.

“ಡೆಕ್ಕಿಗೆ ಹೋಗಿ ನೋಡಿದ್ರಾಯ್ತಪ್ಪ. ಸಮುದ್ರ ಏನು ಓಡಿಹೋಗುತ್ತಾ?” ಎಂದ ಗಂಡ.

ಅವಳು ಫೋನನ್ನು ಮೇಜಿನ ಮೇಲೆ ಮಗುಚಿಟ್ಟಳು. ತಮ್ಮ ಅವಳ ಮುಖವನ್ನೊಮ್ಮೆ ನೋಡಿ, ತನ್ನ ಫೋನು ಎತ್ತಿಕೊಂಡು ಹೊರಗೆ ಹೋದ. ಗಾಜಿನ ಬಾಗಿಲಾಚೆ ಅವನು ಯಾರನ್ನೋ ಪುಸಲಾಯಿಸುವುದು, ನಗುವುದು, ಗೋಗರೆಯುವುದು ಎಲ್ಲ ಕಾಣುತ್ತಿತ್ತು. ಒಳಗೆ ಬಂದವನ ಮುಖ ಅರಳಿಯೂ ಅರಳದಂತಿತ್ತು.

“ಒಂದು ಸಿಕ್ತು. ಬಾಗಿಲಷ್ಟು ದೊಡ್ಡ ಕಿಟಕಿ, ಎದುರಿಗೆ ಬರೀ ನೀರು. ಆದ್ರೆ ಒಬ್ಬರ ಕೋಣೆ ಅಕ್ಕಾ, ಒಂಟಿ ಹಾಸಿಗೆ. ಇನ್ನೊಬ್ಬರು ಕೆಳಗೇ…”

“ತಗೋ,” ಎಂದಳು, ಅವನ ಮಾತು ಮುಗಿಯುವ ಮೊದಲೇ.

ಗಂಡ ಅವಳ ಕಡೆ ತಿರುಗಿದ. ದಿನಾ ಬಿಚ್ಚಿ ಜೋಡಿಸುವ ಗಡಿಯಾರದೊಳಗೆ ಎಂದೂ ಕಾಣದ ಚಕ್ರವೊಂದು ಸಿಕ್ಕವನಂತೆ ನೋಡಿದ. ಆಮೇಲೆ ದನಿ ತಗ್ಗಿಸಿ, “ಆಗ್ಲಿ ಕಣೇ. ಆ ಕೋಣೆ ನಿನಗೇ ಇರ್ಲಿ. ನಾನು ಮಲಗೋಕೆ ಕೆಳಗೆ ಹೋಗ್ತೀನಿ. ಹಗಲೆಲ್ಲ ನಿನ್ನ ಹತ್ರಾನೇ ಬಂದು ಕೂತ್ಕೋತೀನಿ,” ಎಂದ.

“ಅದಕ್ಕೇನು ಭಾವ! ಈಗ್ಲೇ ಹೇಳಿ ಇನ್ನೊಂದು ಕುರ್ಚಿ ಹಾಕಿಸ್ತೀನಿ,” ಎಂದ ತಮ್ಮ, ರಾಜಿಯಾಯಿತೆಂಬ ಹಿಗ್ಗಿನಲ್ಲಿ.

“ಬೇಡ,” ಎಂದಳು ಅವಳು. “ಒಂದೇ ಸಾಕು.”